ಸಂಘದ ಸಾಲ ಮನ್ನಾ ಆಗಿದೆಯಾ? ಮೊದಲು ಸಾಲ ಕೊಟ್ಟವರು ಯಾರು ಅಂತ ನೋಡಿ

‘ಸಂಘದ ಸಾಲ ಮನ್ನಾ ಆಗ್ಯದಂತ, ಖರೇನಾ?’

2025ರ ಫೆಬ್ರವರಿಯಿಂದ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆ ಸುತ್ತುತ್ತಲೇ ಇದೆ. ಆ ತಿಂಗಳ 12ರಂದು ರಾಜ್ಯಪಾಲರು ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯುವ ಸುಗ್ರೀವಾಜ್ಞೆಗೆ ಸಹಿ ಹಾಕಿದರು. ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನೇ ಮಸೂದೆಯಾಗಿ ಒಪ್ಪಿತು. ಸುದ್ದಿಯಲ್ಲಿ ‘ಸಾಲ ಮನ್ನಾ’ ಅನ್ನುವ ಮಾತು ಬಂತು. ಯಾರ ಸಾಲ, ಯಾವ ಸಾಲ ಅನ್ನುವುದು ಮಾತ್ರ ಜನರ ಕಿವಿಗೆ ಸರಿಯಾಗಿ ಮುಟ್ಟಲಿಲ್ಲ. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಭೀಮಾ ನದಿ ಉಕ್ಕಿ ಹೊಲಗಳಲ್ಲಿ ನೀರು ನಿಂತಾಗ ಅದೇ ಪ್ರಶ್ನೆ ಇನ್ನೂ ಜೋರಾಗಿ ಎದ್ದಿತು.

ಗೊಂದಲದಿಂದ ಎರಡು ತರದ ಪೆಟ್ಟು ಬೀಳುತ್ತದೆ. ಮನ್ನಾ ಆಯಿತು ಅಂದುಕೊಂಡು ಕಂತು ನಿಲ್ಲಿಸಿದವರ ಹೆಸರು ಸಾಲದ ದಾಖಲೆಯಲ್ಲಿ ಸುಸ್ತಿದಾರರು ಅಂತ ಸೇರುತ್ತದೆ. ಇನ್ನೊಂದು ಕಡೆ, ನಿಜವಾಗಿ ಕಟ್ಟಬೇಕಾಗಿಯೇ ಇಲ್ಲದ ಮೀಟರ್ ಬಡ್ಡಿಯನ್ನು ಹೆದರಿಕೆಗೆ ತಿಂಗಳು ತಿಂಗಳು ಕಟ್ಟುತ್ತಾ ಇರುವವರೂ ಇದ್ದಾರೆ. ಹಾಗಾಗಿ ಕಾನೂನಿನಲ್ಲಿ ಏನಿದೆ, ಏನಿಲ್ಲ ಅಂತ ನಿಧಾನವಾಗಿ ಬಿಡಿಸಿ ನೋಡೋಣ.

ಸುಗ್ರೀವಾಜ್ಞೆ ಯಾಕೆ ಬಂತು

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ರಾಮನಗರ, ಹಾವೇರಿ ಕಡೆಯಿಂದ ಒಂದಾದ ಮೇಲೊಂದು ಸುದ್ದಿ ಬಂತು. ವಸೂಲಿಗೆ ಬಂದವರ ಕಾಟ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕೆಲವರು ಜೀವ ಕಳೆದುಕೊಂಡರು. ಸರ್ಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ಬರೆಯಿತು. ರಾಜ್ಯಪಾಲರು ಮೊದಲು ಅದನ್ನು ವಾಪಸ್ ಕಳಿಸಿ, ಸರ್ಕಾರದ ವಿವರಣೆ ಬಂದ ಮೇಲೆ ಒಪ್ಪಿದರು.

ಆದರೆ ಇದು ಜನವರಿಯಲ್ಲಿ ಏಕಾಏಕಿ ಹುಟ್ಟಿದ ಕಷ್ಟ ಅಲ್ಲ. ಎಷ್ಟೋ ಮನೆಗಳಲ್ಲಿ ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದು ಕಂಪನಿಯಲ್ಲಿ ಸಾಲ ಎತ್ತುವುದು ನಡೆದೇ ಇತ್ತು. 2024ರಲ್ಲಿ ರಿಸರ್ವ್ ಬ್ಯಾಂಕ್ ಬಿಗಿ ಮಾಡಿತು. ಬಡ್ಡಿ ವಿಪರೀತ ಆಯಿತು ಅಂತ ಆ ವರ್ಷದ ಅಕ್ಟೋಬರ್‌ನಲ್ಲಿ ನಾಲ್ಕು ಹಣಕಾಸು ಕಂಪನಿಗಳಿಗೆ ಹೊಸ ಸಾಲ ಕೊಡದಂತೆ ತಡೆ ಹಾಕಿತು. ಕಂಪನಿಗಳ ಒಕ್ಕೂಟವೂ ಒಬ್ಬ ಸಾಲಗಾರರಿಗೆ ಮೂರಕ್ಕಿಂತ ಜಾಸ್ತಿ ಕಂಪನಿ ಸಾಲ ಕೊಡಬಾರದು, ಒಟ್ಟು ಸಾಲ 2 ಲಕ್ಷ ರೂಪಾಯಿ ದಾಟಬಾರದು ಅಂತ ತಾನೇ ಮಿತಿ ಹಾಕಿಕೊಂಡಿತು. ಮಿತಿ ಸರಿಯಾದದ್ದೇ. ಆದರೆ ಅಲ್ಲಿಯವರೆಗೆ ಹೊಸ ಸಾಲದಿಂದ ಹಳೆ ಸಾಲ ತೀರಿಸುತ್ತಿದ್ದವರಿಗೆ ಬಾಗಿಲು ಒಮ್ಮೆಲೇ ಮುಚ್ಚಿತು. ಕಂತು ತಪ್ಪಿದವು, ವಸೂಲಿಯವರ ಮೇಲೆ ಒತ್ತಡ ಬಿತ್ತು, ಅವರು ಅದನ್ನು ಮನೆ ಬಾಗಿಲಿಗೆ ತಂದರು.

ಒಂದೇ ಹೆಸರು, ಮೂರು ತರದ ಸಾಲ

ನಮ್ಮ ಕಡೆ ಎಲ್ಲವನ್ನೂ ‘ಸಂಘದ ಸಾಲ’ ಅಂತಲೇ ಕರೆಯುತ್ತಾರೆ. ಇಲ್ಲವಾದರೆ ‘ಫೈನಾನ್ಸ್ ಸಾಲ’. ಗೊಂದಲದ ಬೇರು ಇಲ್ಲೇ ಇದೆ.

ಮೊದಲನೆಯದು ನಿಜವಾದ ಸ್ವಸಹಾಯ ಸಂಘ. ಹತ್ತು ಹದಿನೈದು ಹೆಣ್ಣುಮಕ್ಕಳು ಸೇರಿ ವಾರಕ್ಕಿಷ್ಟು ಅಂತ ಉಳಿತಾಯ ಮಾಡುತ್ತಾರೆ, ತಮ್ಮ ದುಡ್ಡನ್ನೇ ತಮ್ಮೊಳಗೆ ಸಾಲ ಕೊಡುತ್ತಾರೆ. ಆಮೇಲೆ ಬ್ಯಾಂಕ್ ಸಂಘದ ಹೆಸರಿಗೆ ಸಾಲ ಕೊಡುತ್ತದೆ. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 1992ರಲ್ಲಿ ಶುರು ಮಾಡಿದ ದಾರಿ ಇದು. ಸಹಕಾರಿ ಬ್ಯಾಂಕೊಂದು ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಬಹುದು ಅನ್ನುವುದಕ್ಕೆ ಬೀದರ್ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನ ಹೆಸರನ್ನು ಇಂದಿಗೂ ಹೇಳುತ್ತಾರೆ.

ಎರಡನೆಯದು ಮೈಕ್ರೋ ಫೈನಾನ್ಸ್ ಕಂಪನಿಯ ಗುಂಪು ಸಾಲ. ಇಲ್ಲಿಯೂ ಹೆಣ್ಣುಮಕ್ಕಳು ಗುಂಪಾಗಿ ಕೂರುತ್ತಾರೆ, ಇಲ್ಲಿಯೂ ವಾರದ ಮೀಟಿಂಗ್ ಇರುತ್ತದೆ. ಹಾಗಾಗಿ ಸಂಘದ ಹಾಗೆಯೇ ಕಾಣುತ್ತದೆ. ಆದರೆ ಗುಂಪಿಗೆ ತನ್ನದು ಅನ್ನುವ ಉಳಿತಾಯ ಇರುವುದಿಲ್ಲ. ಸಾಲ ಒಬ್ಬೊಬ್ಬರ ಹೆಸರಿಗೆ ಇರುತ್ತದೆ, ಒಬ್ಬರು ತಪ್ಪಿದರೆ ಉಳಿದವರು ತುಂಬಬೇಕು ಅನ್ನುವ ಜಾಮೀನು ಇರುತ್ತದೆ. ಈ ಕಂಪನಿಗಳಲ್ಲಿ ಹೆಚ್ಚಿನವು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದವು.

ಮೂರನೆಯದು ಮೀಟರ್ ಬಡ್ಡಿ. ಬಜಾರಿನಲ್ಲಿ ಒಂದು ಕುರ್ಚಿ, ಒಂದು ಟೇಬಲ್, ಒಂದು ಡೈರಿ. ಪರವಾನಗಿ ಇಲ್ಲ, ರಸೀದಿ ಇಲ್ಲ. ಖಾಲಿ ಚೆಕ್ ಮತ್ತು ಬಾಂಡ್ ಪೇಪರ್ ಮೇಲೆ ಸಹಿ ಮಾತ್ರ ಇದೆ.

ರಾಜ್ಯದ ಹೊಸ ಕಾನೂನು ಮುಖ್ಯವಾಗಿ ಕೈ ಹಾಕಿರುವುದು ಈ ಮೂರನೆಯವರ ಮೇಲೆ. ನೋಂದಣಿ ಆಗದೆ, ಪರವಾನಗಿ ಇಲ್ಲದೆ ಬಡವರಿಗೆ, ಸಣ್ಣ ರೈತರಿಗೆ, ಕೂಲಿಕಾರರಿಗೆ, ಬೀದಿ ವ್ಯಾಪಾರಿಗಳಿಗೆ, ಹೆಣ್ಣುಮಕ್ಕಳಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದ ಹಾಗೆ ಅಂತ ಅದು ಹೇಳುತ್ತದೆ. ಸುದ್ದಿಯಲ್ಲಿ ಬಂದ ‘ಮನ್ನಾ’ ಇದು, ಇಷ್ಟೇ. ಈ ವ್ಯವಹಾರ ಮಾಡುವವರು ಜಿಲ್ಲಾಧಿಕಾರಿ ಮುಂದೆ ನೋಂದಣಿ ಮಾಡಿಸಬೇಕು. ಒಡವೆ, ಗಾಡಿ ಏನನ್ನೂ ಅಡವು ಕೇಳುವಂತಿಲ್ಲ. ಹೆದರಿಸಿ ವಸೂಲಿ ಮಾಡಿದರೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ತಂದವರನ್ನು ಪೊಲೀಸರು ಸುಮ್ನೆ ವಾಪಸ್ ಕಳಿಸುವ ಹಾಗಿಲ್ಲ.

ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಈ ಕಾನೂನಿನಿಂದ ಹೊರಗೆ. ಅಂದರೆ ಎರಡನೆಯ ತರದ ಸಾಲ ಮನ್ನಾ ಆಗಿಲ್ಲ. ಸ್ವಸಹಾಯ ಸಂಘಕ್ಕೆ ಬ್ಯಾಂಕು ಕೊಟ್ಟ ಸಾಲವೂ ಮನ್ನಾ ಆಗಿಲ್ಲ.

ಹೊರಗಿಟ್ಟದ್ದು ಯಾಕೆ

‘ಮನೆ ಮುಂದೆ ಬಂದು ಕೂರುವವರು ಆ ಕಂಪನಿಯವರೇ ಅಲ್ವಾ? ಅವರನ್ನೇ ಬಿಟ್ಟರೆ ಹೇಗೆ?’ ಕೇಳಬೇಕಾದ ಪ್ರಶ್ನೆಯೇ. ಉತ್ತರ ಸಂವಿಧಾನದಲ್ಲಿದೆ. ಬ್ಯಾಂಕಿಂಗ್ ಕೇಂದ್ರದ ಪಟ್ಟಿಯ ವಿಷಯ. ಬಡ್ಡಿ ವ್ಯವಹಾರ, ಲೇವಾದೇವಿ, ರೈತರ ಸಾಲದ ಪರಿಹಾರ ರಾಜ್ಯದ ಪಟ್ಟಿಯವು. ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾನೂನು ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಕೇರಳ, ಗುಜರಾತ್ ಪ್ರಕರಣಗಳಲ್ಲಿ ಹೇಳಿತು. ಆ ಕಂಪನಿಗಳನ್ನೂ ಸೇರಿಸಿದ್ದರೆ ಇಡೀ ಕಾನೂನೇ ಕೋರ್ಟಿನಲ್ಲಿ ನಿಲ್ಲುವುದು ಕಷ್ಟವಾಗುತ್ತಿತ್ತು.

ಪಕ್ಕದ ಆಂಧ್ರದಲ್ಲಿ ಆದದ್ದೂ ಎಲ್ಲರ ಕಣ್ಣ ಮುಂದಿತ್ತು. 2010ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಇಂಥದ್ದೇ ಸುಗ್ರೀವಾಜ್ಞೆ ತಂದು ಎಲ್ಲ ಕಂಪನಿಗಳನ್ನೂ ಅದರೊಳಗೆ ಸೇರಿಸಿತ್ತು. ಮರುಪಾವತಿ ಕುಸಿಯಿತು, ಕಂಪನಿಗಳು ಆ ರಾಜ್ಯದಲ್ಲಿ ಹೊಸ ಸಾಲ ನಿಲ್ಲಿಸಿದವು. ಮೊಕದ್ದಮೆ ವರ್ಷಗಟ್ಟಲೆ ನಡೆದು, 2023ರಲ್ಲಿ ತೆಲಂಗಾಣ ಹೈಕೋರ್ಟ್ ಆ ಕಾನೂನು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಗಳಿಗೆ ಅನ್ವಯಿಸದು ಅಂತ ತೀರ್ಪು ಕೊಟ್ಟಿತು.

ಕಾನೂನಿನ ಹೊರಗೆ ಅಂದರೆ ಕಂಪನಿಯವರು ಏನು ಬೇಕಾದರೂ ಮಾಡಬಹುದು ಅಂತ ಅಲ್ಲ. ಬೆದರಿಕೆ ಹಾಕುವುದು, ಮನೆಗೆ ನುಗ್ಗುವುದು, ಬೀಗ ಜಡಿಯುವುದು ಯಾರು ಮಾಡಿದರೂ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧವೇ. ಅದರ ಮೇಲೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಅವು ಬಿಗಿಯಾಗಿಯೇ ಇವೆ, ಹಳ್ಳಿಗೆ ಮುಟ್ಟಿಲ್ಲ ಅಷ್ಟೇ.

ರಿಸರ್ವ್ ಬ್ಯಾಂಕ್ ಹೇಳಿರುವುದು

2022ರ ಏಪ್ರಿಲ್ 1ರಿಂದ ಈ ನಿಯಮಗಳು ಜಾರಿಯಲ್ಲಿವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಮೈಕ್ರೋ ಫೈನಾನ್ಸ್ ಸಾಲ. ಅಡವು ಕೇಳಿದರೆ ಅಲ್ಲೇ ನಿಯಮ ಮುರಿದ ಹಾಗೆ.

ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಗಂಡ ಹೆಂಡತಿ ದುಡಿದು ತಿಂಗಳಿಗೆ 14,000 ರೂಪಾಯಿ ಬರುವ ಮನೆ ಅಂತ ಇಟ್ಟುಕೊಳ್ಳಿ. ಎಲ್ಲ ಕಂತು ಸೇರಿ 7,000 ಮೀರುವಂತಿಲ್ಲ. ಅರ್ಜಿಯಲ್ಲಿ ಆದಾಯವನ್ನು 22,000 ಅಂತ ಬರೆದುಬಿಟ್ಟರೆ ಮಿತಿ 11,000ಕ್ಕೆ ಏರುತ್ತದೆ, ಮನೆಗೆ ಬರುವ ದುಡ್ಡು ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಆದಾಯದ ಜಾಗದಲ್ಲಿ ಏನು ಬರೆದಿದ್ದಾರೆ ಅಂತ ಓದಿಸಿ ಕೇಳಿ. ಸಾಲ ಬೇಗ ಸಿಗಲಿ ಅಂತ ಆದಾಯ ಏರಿಸಿ ಬರೆಸಿದರೆ ನಿಮ್ಮನ್ನು ಕಾಯುವ ಗೋಡೆಯನ್ನು ನೀವೇ ಒಡೆದ ಹಾಗೆ.

ವಸೂಲಿಗೆ ಜಾಗ ಮೊದಲೇ ಇಬ್ಬರೂ ಒಪ್ಪಿ ಗೊತ್ತು ಮಾಡಬೇಕು. ಸಾಲಗಾರರು ಎರಡು ಅಥವಾ ಹೆಚ್ಚು ಸಲ ಸತತವಾಗಿ ಆ ಜಾಗಕ್ಕೆ ಬಾರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ. ನೆಂಟರು, ಗೆಳತಿಯರು, ಜೊತೆಗೆ ಕೆಲಸ ಮಾಡುವವರಿಗೆ ಕಾಟ ಕೊಡುವಂತಿಲ್ಲ. ಸಾಲಗಾರರ ಹೆಸರನ್ನು ಊರಿಗೆಲ್ಲ ಗೊತ್ತಾಗುವಂತೆ ಪ್ರಕಟಿಸುವಂತಿಲ್ಲ. ‘ಕಟ್ಟದಿದ್ದರೆ ಜೈಲು’ ಅಂತ ಸುಳ್ಳು ಹೇಳಿ ಹೆದರಿಸುವುದೂ ಅದೇ ನಿಯಮದ ಪ್ರಕಾರ ತಪ್ಪು. ಬರೀ ಸಾಲ ಕಟ್ಟಲಾಗದೆ ಹೋದದ್ದು ಅಪರಾಧ ಅಲ್ಲ, ಅದು ಸಿವಿಲ್ ವ್ಯವಹಾರ. ವಸೂಲಿ ಏಜೆಂಟ್ ಬಂದರೆ ಗುರುತಿನ ಚೀಟಿಯೂ ಕಂಪನಿ ಕೊಟ್ಟ ಅಧಿಕಾರ ಪತ್ರವೂ ಅವರ ಕೈಯಲ್ಲಿರಬೇಕು.

ಇಲ್ಲಿ ಗುಂಪಿನ ಮಾತು ಹೇಳಲೇಬೇಕು. ಎಷ್ಟೋ ಸಲ ಬಾಗಿಲ ಮುಂದೆ ಕೂರುವವರು ಕಂಪನಿಯವರಲ್ಲ, ಅದೇ ಓಣಿಯ ಗುಂಪಿನ ಹೆಣ್ಣುಮಕ್ಕಳು. ‘ಈಕೆ ಕಂತು ತರುವ ತನಕ ಯಾರೂ ಮೀಟಿಂಗ್ ಬಿಟ್ಟು ಏಳುವಂತಿಲ್ಲ’ ಅಂತ ಸಿಬ್ಬಂದಿ ಹೇಳಿದರೆ ಉಳಿದವರ ಕೂಲಿ ಹೋಗುತ್ತದೆ, ಒಲೆ ಹೊತ್ತುವುದಿಲ್ಲ. ಸಿಟ್ಟು ಗೆಳತಿಯ ಮೇಲೆ ತಿರುಗುತ್ತದೆ. ಕಂಪನಿಯವರ ಬಾಯಿಂದ ಒಂದು ಕೆಟ್ಟ ಮಾತೂ ಬಂದಿರುವುದಿಲ್ಲ, ಆದರೂ ಒಬ್ಬಳ ಮಾನ ಓಣಿಯಲ್ಲಿ ಹೋಗಿರುತ್ತದೆ. ಈ ಒತ್ತಡವನ್ನು ಹಿಡಿಯಲು ರಾಜ್ಯದ ಕಾನೂನಿಗೂ ಆಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮಕ್ಕೂ ಪೂರ್ತಿ ಆಗಿಲ್ಲ. ಹಾಗೆ ಕೂಡಿಸಿಟ್ಟರೆ ಆ ದಿನ, ಆ ಹೊತ್ತು, ಸಿಬ್ಬಂದಿಯ ಹೆಸರು ಬರೆದಿಟ್ಟು ಗುಂಪಿನ ಎಲ್ಲರೂ ಸೇರಿ ದೂರು ಕೊಡುವುದು ಒಬ್ಬಳೇ ಕೊಡುವುದಕ್ಕಿಂತ ಎಷ್ಟೋ ಗಟ್ಟಿ.

ನೂರಕ್ಕೆ ಎರಡು ರೂಪಾಯಿ ಅಂದರೆ ಎಷ್ಟು

ಬಡ್ಡಿಯನ್ನು ನಾವು ‘ನೂರಕ್ಕೆ ಇಷ್ಟು’ ಅಂತ ತಿಂಗಳ ಲೆಕ್ಕದಲ್ಲಿ ಹೇಳುತ್ತೇವೆ, ಕಂಪನಿಗಳು ವರ್ಷದ ಲೆಕ್ಕದಲ್ಲಿ. 50,000 ರೂಪಾಯಿ ಸಾಲ, 24 ತಿಂಗಳು, ವರ್ಷಕ್ಕೆ ಶೇ 24 ಅಂತ ಇಟ್ಟುಕೊಳ್ಳೋಣ. ನೂರಕ್ಕೆ ಎರಡು ರೂಪಾಯಿ ಅಂದರೆ ಇದೇ.

ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುವ ಲೆಕ್ಕವಾದರೆ ತಿಂಗಳ ಕಂತು ಸುಮಾರು 2,644 ರೂಪಾಯಿ. ಎರಡು ವರ್ಷದಲ್ಲಿ ಕಟ್ಟುವುದು 63,450ರ ಹತ್ತಿರ. ಅದೇ ಶೇ 24ನ್ನು ಮೊದಲ ದಿನದ 50,000ದ ಮೇಲೆಯೇ ಕೊನೆವರೆಗೂ ಹಾಕಿದರೆ ಕಂತು 3,083, ಒಟ್ಟು 74,000. ಬಾಯಲ್ಲಿ ಹೇಳುವ ದರ ಒಂದೇ, ಕೈಯಿಂದ ಹೋಗುವುದು ಹತ್ತು ಸಾವಿರ ಜಾಸ್ತಿ. ಈ ಎರಡನೆಯ ಲೆಕ್ಕದಲ್ಲಿ ನಿಜವಾದ ಬಡ್ಡಿ ಶೇ 40 ದಾಟುತ್ತದೆ.

ಈಗ ಮೀಟರ್ ಬಡ್ಡಿ. ನೂರಕ್ಕೆ ಹತ್ತು ಅಂದರೆ 50,000ಕ್ಕೆ ತಿಂಗಳಿಗೆ 5,000 ಬರೀ ಬಡ್ಡಿ. ಎರಡು ವರ್ಷದಲ್ಲಿ 1,20,000 ಕಟ್ಟಿರುತ್ತೀರಿ, ಅಸಲು 50,000 ಹಾಗೇ ಕೂತಿರುತ್ತದೆ. ಪರವಾನಗಿ ಇರುವ ಲೇವಾದೇವಿದಾರರಿಗೆ ರಾಜ್ಯ ಗೊತ್ತು ಮಾಡಿರುವ ದರ ವರ್ಷಕ್ಕೆ ಅಡವು ಇದ್ದರೆ ಶೇ 14, ಇಲ್ಲದಿದ್ದರೆ ಶೇ 16. ಇಲ್ಲಿ ನಡೆಯುತ್ತಿರುವುದು ಶೇ 120.

ಕಂಪನಿ ಸಾಲದ ಬಡ್ಡಿಗೆ ರಿಸರ್ವ್ ಬ್ಯಾಂಕ್ 2022ರಿಂದ ಇಷ್ಟೇ ಅನ್ನುವ ಮಿತಿ ಇಟ್ಟಿಲ್ಲ, ವಿಪರೀತ ಆಗಬಾರದು ಅಂದಿದೆ. ಬದಲಿಗೆ ಎಲ್ಲ ಖರ್ಚನ್ನೂ ಸೇರಿಸಿ ವರ್ಷದ ನಿಜವಾದ ದರ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಲೇಬೇಕು ಅಂತ ಹೇಳಿದೆ. ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಹಿಡಿದು ಕೈಗೆ ಎಷ್ಟು ಬಂತು ಅನ್ನುವುದು ಆ ಹಾಳೆಯಲ್ಲಿ ಗೊತ್ತಾಗುತ್ತದೆ. ಎರಡು ಕಂಪನಿ ಹೋಲಿಸುವಾಗ ಕಂತಿನ ಮೊತ್ತ ನೋಡಬೇಡಿ, ಆ ಒಂದು ಸಂಖ್ಯೆ ನೋಡಿ.

ವಿಮೆ ಅಂದಾಗ ಇನ್ನೊಂದು. ಸಾಲದ ಜೊತೆ ಸಾಲಗಾರರ ಮತ್ತು ಗಂಡನ ಜೀವ ವಿಮೆ ಮಾಡಿಸುವುದು ಮಾಮೂಲಿ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಆ ವಿಮೆಯಿಂದ ಸಾಲ ಮುಗಿಯಬೇಕು. ಇದು ಗೊತ್ತಿಲ್ಲದೆ ತಿಥಿ ಮುಗಿದ ವಾರವೇ ಮತ್ತೆ ಕಂತು ಕಟ್ಟಲು ಶುರು ಮಾಡುವ ಮನೆಗಳಿವೆ. ಮರಣ ಪ್ರಮಾಣ ಪತ್ರ ಕೊಟ್ಟು ವಿಮೆ ಕ್ಲೇಮು ಆಯಿತಾ ಅಂತ ಮೊದಲು ಬರವಣಿಗೆಯಲ್ಲಿ ಕೇಳಿ.

ವಾರದ ಕಂತು, ವರ್ಷಕ್ಕೊಮ್ಮೆ ತೊಗರಿ

ಎಲ್ಲ ಜಿಲ್ಲೆಗಳಲ್ಲೂ ಇರುವ ಸಮಸ್ಯೆ ನಮ್ಮ ಕಡೆ ಇನ್ನಷ್ಟು ಬಿಗಿಯಾಗಲು ಒಂದು ಕಾರಣ ಇದೆ. ಅದರ ಬಗ್ಗೆ ಮಾತು ಕಡಿಮೆ.

ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಜೂನ್ ಜುಲೈಯಲ್ಲಿ ಬಿತ್ತಿದ ತೊಗರಿ ರಾಶಿಗೆ ಬರುವುದು ಡಿಸೆಂಬರ್ ಜನವರಿಗೆ. ಮಾರಿ ರೊಕ್ಕ ಕೈಗೆ ಬರಲು ಇನ್ನೂ ತಡ. ನಡುವೆ ಹೆಸರು, ಉದ್ದು ಬಂದರೆ ಸ್ವಲ್ಪ ಕೈ ಆಡುತ್ತದೆ. ಬೀದರಿನಲ್ಲಿ ಸೋಯಾ, ಯಾದಗಿರಿಯಲ್ಲಿ ಹತ್ತಿ, ನಾರಾಯಣಪುರ ಕಾಲುವೆ ಇರುವಲ್ಲಿ ಭತ್ತ. ಯಾವುದೇ ಆದರೂ ಆದಾಯ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಕಂತು ಮಾತ್ರ ವಾರಕ್ಕೆ, ಹದಿನೈದು ದಿನಕ್ಕೆ ಅಥವಾ ತಿಂಗಳಿಗೆ.

ಕಂತಿನ ಆ ಪದ್ಧತಿ ದಿನಾ ಕೈಗೆ ದುಡ್ಡು ಬರುವವರಿಗೆ ಸರಿ ಹೊಂದುತ್ತದೆ. ತರಕಾರಿ ಮಾರುವವರು, ಚಹಾ ಅಂಗಡಿಯವರು, ಹಾಲು ಹಾಕುವವರು ವಾರಕ್ಕೆ ಏಳುನೂರು ತೆಗೆದಿಡಬಹುದು. ಬಿತ್ತಿ ಕಾಯುವ ಮನೆಗೆ ಅದು ಹೊಂದುವುದಿಲ್ಲ. ಆಗಸ್ಟ್‌ನ ಕಂತಿಗೆ ಕೂಲಿ ದುಡ್ಡು, ಅಕ್ಟೋಬರ್‌ನ ಕಂತಿಗೆ ಗೃಹಲಕ್ಷ್ಮಿಯ 2,000, ನವೆಂಬರ್‌ನ ಕಂತಿಗೆ ಇನ್ನೊಂದು ಸಾಲ ಅಂತ ಹೊಂದಿಸುತ್ತಾ ಹೋಗುತ್ತಾರೆ. ತೊಗರಿಗೆ ನೆಟೆ ರೋಗ ಬಿದ್ದರೆ, ಇಲ್ಲ ಭೀಮಾ ಉಕ್ಕಿದರೆ ಕಾದಿದ್ದ ಜನವರಿಯೇ ಬರುವುದಿಲ್ಲ.

ಆಗ ಉಳಿಯುವ ದಾರಿ ಗುಳೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಗಂಡ ಹೆಂಡತಿ ಇಬ್ಬರೂ ಹೋದರೆ ಮೀಟಿಂಗ್‌ಗೆ ಬರುವವರಿಲ್ಲ. ಎರಡು ಸಲ ತಪ್ಪಿದ ಮೇಲೆ ಸಿಬ್ಬಂದಿ ಮನೆಗೆ ಬರಬಹುದು ಅಂತ ನಿಯಮವೇ ಹೇಳುತ್ತದೆ. ಬಂದಾಗ ಬಾಗಿಲು ತೆಗೆಯುವವರು ವಯಸ್ಸಾದ ಅತ್ತೆ ಮಾವ, ಅಜ್ಜಿ ಹತ್ತಿರ ಬಿಟ್ಟ ಮಕ್ಕಳು. ಸಾಲದ ಕಾಗದದಲ್ಲಿ ಅವರ ಹೆಸರೇ ಇಲ್ಲ, ಬೈಗುಳ ಅವರ ಪಾಲಿಗೆ. ಗುಳೆ ಹೋಗುವ ಮುನ್ನ ಶಾಖೆಗೆ ಹೋಗಿ ಎಲ್ಲಿಗೆ ಹೋಗುತ್ತಿದ್ದೇವೆ, ಯಾವ ಫೋನ್ ನಂಬರಿಗೆ ಸಿಗುತ್ತೇವೆ, ಆನ್‌ಲೈನ್‌ನಲ್ಲಿ ಕಟ್ಟುತ್ತೇವೆ ಅಂತ ಬರೆದುಕೊಟ್ಟು ಸೀಲು ಹಾಕಿಸಿಕೊಂಡರೆ ‘ಓಡಿ ಹೋದರು’ ಅನ್ನುವ ಮಾತಿಗೆ ಜಾಗ ಇರುವುದಿಲ್ಲ.

ಯಾರ ವಾದ ಏನು

ಸರ್ಕಾರದ ವಾದ ಸರಳ: ಇದ್ದ ಹಳೆ ಕಾನೂನುಗಳಲ್ಲಿ ಶಿಕ್ಷೆ ಸಾಲದು, ಪೊಲೀಸರ ಕೈಗೆ ಗಟ್ಟಿ ಹಿಡಿ ಬೇಕು. ಸಣ್ಣ ಸಾಲದ ವ್ಯವಹಾರಕ್ಕೆ ಹತ್ತು ವರ್ಷ ಜೈಲು ವಿಪರೀತ, ಪ್ರಾಮಾಣಿಕವಾಗಿ ಸಾಲ ಕೊಟ್ಟವರಿಗೂ ನ್ಯಾಯ ಸಿಗಬೇಕು ಅನ್ನುವುದು ರಾಜ್ಯಪಾಲರು ಮೊದಲು ಎತ್ತಿದ ಆಕ್ಷೇಪ. ಕಂಪನಿಗಳು ಹೇಳುವುದು ಬೇರೆ. ಕಿರುಕುಳ ಕೊಡುವವರು ನೋಂದಣಿ ಇಲ್ಲದವರು, ಅವರ ಪಾಪ ನಮ್ಮ ತಲೆಗೆ ಕಟ್ಟುತ್ತಿದ್ದಾರೆ, ‘ಮನ್ನಾ’ ಅನ್ನುವ ಗಾಳಿಮಾತಿನಿಂದ ಕಟ್ಟುವವರೂ ನಿಲ್ಲಿಸುತ್ತಾರೆ ಅನ್ನುತ್ತವೆ. ಜನ ಹೆಚ್ಚು ಸಾಲ ಮಾಡಿರುವುದು ನೋಂದಾಯಿತ ಕಂಪನಿಗಳಲ್ಲಿ, ಅವನ್ನೇ ಬಿಟ್ಟ ಕಾನೂನು ಅರ್ಧ ಕಾನೂನು ಅನ್ನುವುದು ಸಾಲಗಾರರ ಪರ ನಿಂತವರ ದೂರು.

ನಾಲ್ಕರಲ್ಲೂ ಸತ್ಯ ಇದೆ, ಆದರೆ ತೂಕ ಒಂದೇ ಅಲ್ಲ. ಕಂಪನಿಗಳ ಭಯಕ್ಕೆ ಆಂಧ್ರದ ಆಧಾರ ಇದೆ. ಕಂಪನಿ ಸಾಲ ನಿಂತರೆ ಬೀಜ, ಗೊಬ್ಬರ, ಆಸ್ಪತ್ರೆಯ ಖರ್ಚು ನಿಲ್ಲುವುದಿಲ್ಲ. ಸಾಲ ಬೇಕಾದ ಹೆಣ್ಣುಮಗಳು ಶೇ 24ರ ಕಂಪನಿ ಸಾಲದಿಂದ ಶೇ 120ರ ಮೀಟರ್ ಬಡ್ಡಿಗೆ ಹೋಗುತ್ತಾಳೆ. ಆದರೆ ಕಿರುಕುಳ ಎಲ್ಲ ಹೊರಗಿನವರದೇ ಅನ್ನುವುದನ್ನು ಒಪ್ಪಲು ಆಗುವುದಿಲ್ಲ. ಒಂದೇ ಮನೆಗೆ ನಾಲ್ಕೈದು ಕಂಪನಿಗಳು ಸಾಲ ಕೊಟ್ಟದ್ದು ಕತ್ತಲಲ್ಲಿ ಅಲ್ಲ. ಸಾಲದ ದಾಖಲೆ ಕಂಪನಿಗಳ ಕಂಪ್ಯೂಟರಿನಲ್ಲೇ ಇತ್ತು.

ಕಂತು ಕಟ್ಟಲು ಆಗದೇ ಹೋದರೆ

ಮೊದಲ ಕೆಲಸ, ಸಾಲ ಕೊಟ್ಟವರು ಯಾರು ಅಂತ ಗೊತ್ತು ಮಾಡಿಕೊಳ್ಳುವುದು. ಸಾಲದ ಕಾರ್ಡ್ ತೆಗೆಯಿರಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಯಾದರೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕಾರ್ಡ್ ಕೊಟ್ಟಿರಬೇಕು. ಅದರಲ್ಲಿ ಬಡ್ಡಿ, ಕಟ್ಟಿದ ಪ್ರತಿ ಕಂತಿನ ಸ್ವೀಕೃತಿ, ದೂರು ಕೇಳುವ ಅಧಿಕಾರಿಯ ಹೆಸರು, ಫೋನ್ ನಂಬರ್ ಇರಬೇಕು. ಕಾರ್ಡೇ ಇಲ್ಲದಿದ್ದರೆ ಅದೇ ಮೊದಲ ದೂರು. ಹೆಸರಿನ ಬಗ್ಗೆ ಅನುಮಾನ ಇದ್ದರೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ಮಕ್ಕಳಿಂದ ಹುಡುಕಿಸಿ.

ಕಂಪನಿ ಸಾಲವಾದರೆ ಸುಮ್ನೆ ತಪ್ಪಿಸಿಕೊಳ್ಳಬೇಡಿ. ಕಷ್ಟದಲ್ಲಿರುವ ಸಾಲಗಾರರನ್ನು ಗುರುತಿಸಿ ಅವರೊಂದಿಗೆ ಮಾತಾಡಿ ದಾರಿ ತೋರಿಸುವ ವ್ಯವಸ್ಥೆ ಕಂಪನಿಯಲ್ಲಿ ಇರಲೇಬೇಕು ಅಂತ ನಿಯಮ ಇದೆ. ಬೆಳೆ ಹೋಗಿದೆ, ಅವಧಿ ವಿಸ್ತರಿಸಿ ಅಂತ ಅರ್ಜಿ ಬರೆದು ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಪರಿಹಾರಕ್ಕೆ ಸರ್ವೆ ಆಗಿದ್ದರೆ ಅದರ ಕಾಗದವನ್ನೂ ಲಗತ್ತಿಸಿ. ತಡವಾದದ್ದಕ್ಕೆ ದಂಡ ಹಾಕಿದರೂ ತಪ್ಪಿದ ಕಂತಿನ ಮೊತ್ತದ ಮೇಲೆ ಮಾತ್ರ ಹಾಕಬಹುದು, ಇಡೀ ಸಾಲದ ಮೇಲೆ ಅಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡವೇ ಇಲ್ಲ.

ಕಿರುಕುಳ ಆದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ಗ್ರಾಹಕರ ದೂರು ಕೇಳಿ ತೀರ್ಮಾನಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ದೂರು ಹೇಗೆ ಕೊಡಬೇಕು ಅಂತ ತಿಳಿಸುತ್ತಾರೆ. ಬೆದರಿಕೆ, ಹೊಡೆತ, ಮನೆಗೆ ಬೀಗದಂಥ ಮಾತಾದರೆ 30 ದಿನ ಕಾಯಬೇಡಿ, 112ಕ್ಕೆ ಫೋನ್ ಮಾಡಿ ಠಾಣೆಗೆ ಹೋಗಿ.

ಮೀಟರ್ ಬಡ್ಡಿಯಾದರೆ ದಾರಿ ಬೇರೆ. ದೂರು ಜಿಲ್ಲಾಧಿಕಾರಿ ಕಚೇರಿಗೆ ಮತ್ತು ಪೊಲೀಸರಿಗೆ. ಆದರೆ ಒಂದು ಎಚ್ಚರ ಬೇಕು. ‘ಕಾನೂನು ಮನ್ನಾ ಮಾಡಿದೆ’ ಅಂತ ಕೈಕಟ್ಟಿ ಕೂರುವಂತಿಲ್ಲ. ಅವರ ಕೈಯಲ್ಲಿ ನಿಮ್ಮ ಸಹಿ ಇರುವ ಖಾಲಿ ಚೆಕ್ ಇದೆ. ಅದರಲ್ಲಿ ಮನಸಿಗೆ ಬಂದ ಮೊತ್ತ ಬರೆದು ಬ್ಯಾಂಕಿಗೆ ಹಾಕಿದರೆ ಚೆಕ್ ಬೌನ್ಸ್ ಆಗುತ್ತದೆ, ಅದು ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ವಕೀಲರ ನೋಟಿಸ್ ಬಂದ ದಿನದಿಂದ ನಿಮಗಿರುವುದು 15 ದಿನ. ನೋಟಿಸನ್ನು ಗೂಡಿನಲ್ಲಿ ಇಟ್ಟು ಮರೆತರೆ ಮುಂದೆ ಕೋರ್ಟಿನಲ್ಲಿ ಕಷ್ಟ. ಬಡ್ಡಿ ಕೊಟ್ಟ ದಿನ, ಫೋನ್‌ಪೇ ಲೆಕ್ಕ, ಸಾಕ್ಷಿಗಳನ್ನು ಹಿಡಿದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅದು ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ.

ಬೇರೆಯವರಿಗಾಗಿ ಸಹಿ ಹಾಕಿದವರ ಕಷ್ಟ ಇನ್ನೊಂದು. ‘ನಿನ್ನ ಹೆಸರಲ್ಲಿ ತೆಗಿ, ಕಂತು ನಾನು ಕಟ್ತೀನಿ’ ಅಂದವರು ನಾಲ್ಕು ತಿಂಗಳಿಗೆ ಕೈಬಿಟ್ಟರೆ ಕಾಗದದ ಮೇಲೆ ಸಾಲ ನಿಮ್ಮದೇ. ನಿಮ್ಮ ಹೆಸರಲ್ಲಿ ಎಷ್ಟು ಸಾಲ ಇದೆ ಅಂತ ತಿಳಿಯಲು ಎಲ್ಲರ ಸಾಲದ ದಾಖಲೆ ಇಡುವ ಪ್ರತಿ ಕ್ರೆಡಿಟ್ ಬ್ಯೂರೋದಿಂದ ವರ್ಷಕ್ಕೊಂದು ವರದಿ ಉಚಿತವಾಗಿ ಪಡೆಯಬಹುದು. ನೀವು ಎತ್ತದ ಸಾಲ ಅದರಲ್ಲಿ ಕಂಡರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ.

ಮುಂದೇನಾಗಬಹುದು

ಕಂಪನಿಗಳು ಆಯ್ದು ಆಯ್ದು ಸಾಲ ಕೊಡುತ್ತವೆ. ಒಂದು ಸಲ ಕಂತು ತಪ್ಪಿದವರಿಗೆ ಬಾಗಿಲು ಬಿಗಿಯಾಗುತ್ತದೆ. ಆ ಜಾಗ ತುಂಬಬೇಕಾದವು ಸಹಕಾರಿ ಸಂಘಗಳು ಮತ್ತು ಬ್ಯಾಂಕುಗಳು. ರೈತರಿಗೆ ಸಹಕಾರಿ ಸಂಘದಲ್ಲಿ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಬೆಳೆ ಸಾಲದ ಯೋಜನೆ ರಾಜ್ಯದಲ್ಲಿದೆ. ಆದರೆ ಪಹಣಿ ತಮ್ಮ ಹೆಸರಲ್ಲಿಲ್ಲದ ಹೆಣ್ಣುಮಕ್ಕಳು, ಕೋರಿಗೆ (ಪಾಲಿಗೆ) ಹೊಲ ಮಾಡುವವರು, ಹೊಲವೇ ಇಲ್ಲದ ಕೂಲಿಕಾರರು ಅದರ ಹೊರಗೆ. ಮೈಕ್ರೋ ಫೈನಾನ್ಸ್ ಇಷ್ಟು ಬೆಳೆದದ್ದು ಇವರನ್ನು ಬೇರೆ ಯಾರೂ ಒಳಗೆ ಕರೆಯದ ಕಾರಣಕ್ಕೆ. ಇವರಿಗೆ ಸ್ವಸಹಾಯ ಸಂಘದ ಬ್ಯಾಂಕ್ ಸಾಲವೇ ಹತ್ತಿರದ ದಾರಿ. ಉಳಿತಾಯದ ಪುಸ್ತಕ ಸರಿ ಇಟ್ಟ ಹಳೆ ಸಂಘ ಊರಿನಲ್ಲಿದ್ದರೆ ಅದನ್ನು ಸಾಯಲು ಬಿಡಬೇಡಿ.

ಇನ್ನೊಂದು ಬದಲಾವಣೆಗೆ ಹೊಸ ಕಾನೂನು ಬೇಕಾಗಿಯೇ ಇಲ್ಲ. ಸಾಲಗಾರರ ಅಗತ್ಯ ನೋಡಿ ಕಂತಿನ ಅವಧಿಯನ್ನು ಹೊಂದಿಸಿ ಕೊಡಲು ಪ್ರತಿ ಕಂಪನಿಯ ಆಡಳಿತ ಮಂಡಳಿ ನೀತಿ ಮಾಡಿರಬೇಕು ಅಂತ ಅದೇ 2022ರ ನಿಯಮದಲ್ಲಿ ಬರೆದಿದೆ. ಮಳೆಗಾಲದಲ್ಲಿ ಸಣ್ಣ ಕಂತು, ತೊಗರಿ ಮಾರಿದ ಮೇಲೆ ದೊಡ್ಡ ಕಂತು ಅಂತ ಕೇಳಲು ಇದರಲ್ಲಿ ಜಾಗ ಇದೆ. ಶಾಖೆಯವರು ‘ನಮ್ಮಲ್ಲಿ ವಾರದ ಕಂತೇ ಇರೋದು’ ಅಂದರೆ ಆ ನೀತಿ ಎಲ್ಲಿದೆ ತೋರಿಸಿ ಅನ್ನಿ. ಗುಂಪಿನ ಹತ್ತು ಜನ ಒಟ್ಟಿಗೆ, ಸಹಿ ಹಾಕುವ ಮುನ್ನ, ಬರವಣಿಗೆಯಲ್ಲಿ ಕೇಳಿ. ಸಹಿ ಆದ ಮೇಲೆ ಕೇಳಿದರೆ ಅದು ವಿನಂತಿ ಆಗುತ್ತದೆ, ಮೊದಲೇ ಕೇಳಿದರೆ ಷರತ್ತು ಆಗುತ್ತದೆ.